ಐದನೆಯ ದಿನ ಬಿಟ್ಟುಹೋದ ಕೊಲ್ಲಿ

ಧಾರವಾಡ, ದಾರಿಮನೆಯ ಮೇಲಟ್ಟ
ಇಸವಿ ೨೨೩೧, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಪೂಜ್ಯ ವೈಶಾಲಿ ಅಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಭರತ ಇಳಿತಗಳನ್ನು ಹಿಡಿದಿಡಲು ಸುಲಭವೆಂದು ಹಿಂದಿನವರು ಹಾಗೆ ಮಾಡಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಿಮ್ಮನ್ನು ಅಜ್ಜಿ ಎನ್ನುವುದೂ ವಿಚಿತ್ರವೇ. ನೀವು ಪ್ರವಾಸದ ಯೋಜನೆ ಹಾಕುತ್ತಿದ್ದ ದಿನಗಳಿಗೆ ಈ ಓಲೆ ತಲುಪಲೆಂದು ನನ್ನ ಆಸೆ; ಆಗ ನಿಮಗೆ ಮೂವತ್ತನಾಲ್ಕು, ನನಗೆ ಐವತ್ತೆಂಟು.

ನೀವು ಪ್ರವಾಸಕ್ಕೆಂದು ಬರೆದಿಟ್ಟ ನೋಟುಬುಕ್ಕು ನನ್ನ ಬಳಿ ಇದೆ. ತಾಯಿಯಿಂದ ಮಗಳಿಗೆ ಬರುತ್ತ ಬರುತ್ತ ಹಿರಿಯ ಮಗಳಾದ ನನ್ನ ಕೈಗೆ ಬಂತು. ದೂರದ ಒಂದು ದ್ವೀಪ, ಅದರ ಪಡುವಣ ಕರಾವಳಿ, ಏಳು ದಿನ, ಒಂದು ಬಾಡಿಗೆ ಕಾರು. ನಿಮ್ಮ ಕಾಲದ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ನಾವು ಅದನ್ನು ಪಡುಗಾಳಿ ದ್ವೀಪ ಎನ್ನುತ್ತೇವೆ. ನಿಮ್ಮ ಪುಟಗಳನ್ನು ನಾನು ಓದಿರುವಷ್ಟು ಸಲ ಬೇರೇನನ್ನೂ ಓದಿಲ್ಲ. ಒಂದು ಸಲವೂ ಹೊಟ್ಟೆಯುರಿಯದೆ ಓದಿಲ್ಲ. "ಮೂರನೆಯ ದಿನ ಬರೀ ಬಂಡೆ, ಬರೀ ಅಲೆ. ಬೇಕಾದರೆ ಬಿಡಬಹುದು" ಎಂದು ಬರೆದಿದ್ದೀರಿ. "ಸಮುದ್ರದ ಕಡೆಯ ಕೋಣೆ ಬೇಡ, ಗಾಳಿಯ ಸದ್ದಿಗೆ ನಿದ್ದೆ ಬರುವುದಿಲ್ಲ" ಎಂದೂ ಬರೆದಿದ್ದೀರಿ. ಬೇಕು ಬೇಡಗಳನ್ನು ಇಷ್ಟು ಹಗುರವಾಗಿ ಬರೆಯಬಲ್ಲವರು ನನ್ನ ರಕ್ತದವರೇ ಎಂದು ಎಷ್ಟೋ ಸಂಜೆ ನೋಟುಬುಕ್ಕನ್ನು ದೂರ ತಳ್ಳಿದ್ದೇನೆ.

ನಮ್ಮ ಬದುಕು ಹೇಗಿದೆ ಎಂದು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಕಡಲು ಏರಿ ಊರುಗಳನ್ನು ನುಂಗಿದ ಮೇಲೆ, ಉಳಿದ ಕಾಡುಕರಾವಳಿಗಳನ್ನು ಮನುಷ್ಯರ ತುಳಿತದಿಂದ ಕಾಪಾಡಬೇಕೆಂದು ಎಲ್ಲ ದೇಶಗಳೂ ಒಪ್ಪಿದವು. ಈಗ ಅಲ್ಲಿಗೆ ಹೋಗಲು ಸರದಿ ಬರಬೇಕು. ಸರದಿ ಎಂದರೆ ಚೀಟಿ ಎತ್ತುವುದು. ಬಂದರೆ ಜೀವಮಾನಕ್ಕೆ ಒಂದೇ ಸಲ. ಹೋಗುವವರಿಗೆ ತೆವಳುಗಾಡಿ ಕೊಡುತ್ತಾರೆ. ಅದು ಬಿಸಿಲಿನ ಬಲದಿಂದ ನಡೆಯುವ ಮುಚ್ಚುಗಾಡಿ, ಓಡುವವನ ವೇಗಕ್ಕಿಂತ ಜೋರಾಗಿ ಹೋಗದು. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಎಲ್ಲಿ ನಿಲ್ಲಬೇಕು, ಯಾವ ಗಳಿಗೆಯಲ್ಲಿ ಯಾವ ದಂಡೆಗೆ ಇಳಿದರೆ ನೀರು ಸುತ್ತಿಕೊಳ್ಳುವುದಿಲ್ಲ ಎಂಬುದನ್ನೆಲ್ಲ ಮೊದಲೇ ಹಾಳೆಯಲ್ಲಿ ಬರೆದುಕೊಡಬೇಕು. ಬರೆದುಕೊಡುವವರನ್ನು ದಾರಿಗಾರರು ಎನ್ನುತ್ತಾರೆ. ಇಪ್ಪತ್ತಾರು ವರ್ಷ ನಾನು ದಾರಿಗಾರ್ತಿಯಾಗಿದ್ದೆ. ಪಡುಗಾಳಿಯ ಪ್ರತಿ ತಿರುವು ನನಗೆ ಬಾಯಿಪಾಠ. ಕಡಲನ್ನು ಮಾತ್ರ ನಾನು ಕಣ್ಣಾರೆ ಕಂಡಿಲ್ಲ. ಎಳವೆಯಿಂದ ನನಗೆ ಉಪ್ಪುಬಾಧೆ ಇದೆ: ಕಡಲ ಗಾಳಿ ತಾಗಿದರೆ ಶ್ವಾಸಕೋಶ ಬಿಗಿಯುತ್ತದೆ. ನನ್ನ ಹೆಸರು ಚೀಟಿಯ ಡಬ್ಬಕ್ಕೇ ಹೋಗುವಂತಿಲ್ಲ.

ಹೋದ ವರ್ಷ ಸರದಿ ಬಂದದ್ದು ನನ್ನ ತಂಗಿ ಸಂಗವ್ವನಿಗೆ. ಅವಳು ನೀರಿನ ಪಂಪು ರಿಪೇರಿ ಮಾಡುವವಳು. ಚೀಟಿಗೆ ಹೆಸರು ಕೊಟ್ಟದ್ದನ್ನೇ ಮರೆತಿದ್ದಳು. ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳುತ್ತಲೇ, ನಾವು ದಾರಿಗಾರರು ಕೆಲಸ ಮಾಡುವ ದಾರಿಮನೆಯ ಮೆಟ್ಟಿಲು ಹತ್ತಿ ಬಂದಳು.

"ಅಕ್ಕಾ, ಸಮುದ್ರದ ಸುದ್ದಿ ನನಗೇನ್ ಗೊತ್ತೈತಿ? ನೀನ ದಾರಿ ಹಾಕಿಕೊಡು. ನೀ ಎಲ್ಲಿ ನಿಲ್ಲು ಅಂತಿ ಅಲ್ಲಿ ನಿಲ್ತೀನಿ."

ಇಪ್ಪತ್ತು ದಿನ ಕುಳಿತು ಹಾಕಿಕೊಟ್ಟೆ. ಮೊದಲ ದಿನ ಕರಿಬಂಡೆಗಳ ಸಾಲು, ಎರಡನೆಯ ದಿನ ದಂಡೆಯವರೆಗೂ ಇಳಿದ ಜರೀಗಿಡಗಳ ಕಾಡು, ಮೂರನೆಯ ದಿನ ನೀವು ಬಿಡಬಹುದು ಎಂದ ಬಂಡೆ ಮತ್ತು ಅಲೆ. ಒಣರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು ಎಂಬುದನ್ನೂ ಬರೆದೆ. ಐದನೆಯ ದಿನಕ್ಕೆ ಬಂದಾಗ ಪೆನ್ಸಿಲು ನಿಂತಿತು.

ಐದನೆಯ ದಿನದ ದಾರಿಯಲ್ಲಿ ಮರಿಮಡು ಎಂಬ ಕೊಲ್ಲಿ ಇದೆ. ಜಲಪಾತವೊಂದು ನೇರವಾಗಿ ಮರಳಿನ ಮೇಲೆ ಬೀಳುತ್ತದೆ. ಕೆಳಗಿನ ಸಿಹಿನೀರ ಮಡುವಿಗೆ ಸೀಲ್ ಮರಿಗಳು ಕಡಲಿಂದ ತೆವಳಿ ಬಂದು, ಶಾಲೆ ಬಿಟ್ಟ ಮಕ್ಕಳ ಹಾಗೆ ಆಡುತ್ತವೆ. ಜನ ಮೊಣಕಾಲುದ್ದ ನೀರಲ್ಲಿ ನಿಂತರೆ ಕಾಲ ಸುತ್ತ ಈಜುತ್ತವಂತೆ. ನಾನು ಕಳಿಸಿದವರೆಲ್ಲ ಮೊದಲು ಹೇಳುತ್ತಿದ್ದದ್ದು ಅದನ್ನೇ. ಆ ನೀರಿನಲ್ಲಿ ಸಂಗವ್ವ ಸೀರೆ ಎತ್ತಿ ಕಟ್ಟಿಕೊಂಡು ನಿಂತು ನಗುವುದು ನನ್ನ ಕಣ್ಣಿಗೆ ಕಟ್ಟಿತು. ಬಯಸಿಯೇ ಇರದವಳಿಗೆ ಅದು ಸಿಗುತ್ತದೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ. ಮರಿಮಡುವಿನ ಮೇಲೆ ಕೆಂಪು ಗುರುತು ಹಾಕಿ, "ಕಾಲುದಾರಿ ಕುಸಿದಿದೆ, ಇಳಿಯಬಾರದು" ಎಂದು ಬರೆದೆ. ದಾರಿ ಕುಸಿದಿರಲಿಲ್ಲ.

ಅವಳು ಹೋದಳು. ದಿನಕ್ಕೊಂದು ಸುದ್ದಿ ಕಳಿಸುತ್ತಿದ್ದಳು. ಐದನೆಯ ದಿನದ ಸುದ್ದಿ ಎಲ್ಲಕ್ಕಿಂತ ಚಿಕ್ಕದು: "ಇವತ್ತು ಮಂಜಿಲ್ಲ. ಆಕಾಶ ತೊಳೆದಿಟ್ಟಂಗ ಐತಿ. ಮುಂದ ಬಂದೀನಿ." ಓದಿ ಒಂದು ಗಳಿಗೆ ಹಿತವೆನಿಸಿತು. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಹೋಗಿ ಬರುವ ಹಡಗಿನ ದಾರಿಯೂ ಸೇರಿ ಎರಡು ತಿಂಗಳಿಗೆ ತಿರುಗಿ ಬಂದಳು. ಬಂದ ಮರುದಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಮಾತು ಮೊದಲಿಗಿಂತ ಮೆತ್ತಗಾಗಿತ್ತು. ಬಂಡೆಯ ಸುದ್ದಿ, ಕಾಡಿನ ಸುದ್ದಿ, ಗಾಡಿಯ ಚಕ್ರ ಹೂತ ಸುದ್ದಿ ಎಲ್ಲ ಹೇಳಿದಳು. ಆಮೇಲೆ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು:

"ಐದನೇ ದಿನ ನೀ ಕೆಂಪು ಗುರ್ತು ಹಾಕಿದ್ದಿಯಲ್ಲ, ಅಲ್ಲಿ ಗಾಡಿ ನಿಲ್ಲಿಸಿದ್ದೆ. ಕೆಳಗಿಂದ ಗಂಡ ಹೆಂಡ್ತಿ ಇಬ್ರು ಹತ್ತಿ ಬಂದ್ರು. ತಲಿ ಎಲ್ಲ ತೊಯ್ದಿತ್ತು. ದಾರಿ ಛಲೋ ಐತಿ, ಹೋಗ್ರಿ ಅಂದ್ರು."

ಕೈಯ ತುತ್ತನ್ನು ತಟ್ಟೆಗಿಟ್ಟು ಕೇಳಿದೆ: "ಮತ್ತ ಇಳದಿ?"

"ಇಲ್ಲ."

"ಯಾಕ?"

"ನಿನ್ನಂಥಾಕಿ ದಾರಿ ತಪ್ಪು ಬರ್ಯಾಂಗಿಲ್ಲ ಅಂತ ಗೊತ್ತಿತ್ತು. ಗಾಡ್ಯಾಗ ಕುಂತು ಭಾಳ ಹೊತ್ತು ವಿಚಾರ ಮಾಡಿದೆ. ಎಲ್ಲಾ ನನಗ ಕೊಟ್ಟು, ಒಂದು ನಿನಗಂತ ಇಟಗೊಂಡೀಯಲ್ಲ ಅನ್ನಿಸ್ತು. ಇರಲಿ, ಅದು ಅಕ್ಕಂದು ಅಂತ ಬಿಟ್ಟು ಬಂದೆ."

ಜೀವಮಾನಕ್ಕೆ ಒಂದೇ ಸಲ ಸಿಗುವುದನ್ನು ಅವಳು ನೂರು ಹೆಜ್ಜೆಯ ಆಚೆ ಬಿಟ್ಟು ಬಂದಿದ್ದಳು. ಅಳಬೇಕಿತ್ತು, ಕಾಲು ಹಿಡಿಯಬೇಕಿತ್ತು. ನಿಮಗೆ ಸುಳ್ಳು ಹೇಳಿ ಏನು ಪ್ರಯೋಜನ? ಆ ಹೊತ್ತಿನಲ್ಲೂ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚೇ. ಅಂಥ ಮನಸ್ಸೂ ಇವಳಿಗೇ ಸಿಕ್ಕಿತೇ ಎಂದು. ಹುಳಿ ಬಡಿಸಿದೆ, ಅವಳು ಉಂಡು ಎದ್ದು ಹೋದಳು.

ಮರುದಿನ ಕೆಲಸಕ್ಕೆ ಹೋದಾಗ, ನನ್ನ ಕೆಂಪು ಗುರುತನ್ನು ನಂಬಿ ಉಳಿದ ದಾರಿಗಾರರೂ ತಮ್ಮ ಹಾಳೆಗಳಲ್ಲಿ ಅದನ್ನೇ ನಕಲು ಮಾಡಿದ್ದು ಕಂಡಿತು. ಎರಡು ಗಾಡಿಗಳು ವಾರದೊಳಗೆ ಹೊರಡುವುದಿತ್ತು. ದಾರಿಮನೆಯ ಹಿರಿಯರಾದ ಫಕ್ರುದ್ದೀನ್ ಸಾಹೇಬರ ಮುಂದೆ ಹಾಳೆಗಳನ್ನಿಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಟ್ಟು ಬಂದ್ರ ನನಗ ಬೈಬೇಕಿತ್ತು ನೀಲಕ್ಕಾ," ಎಂದರು. "ನಕಾಶೆಗೆ ಸುಳ್ಳು ಹೇಳಿಸಬಾರದಿತ್ತು."

ಆ ಹಾಳೆಗಳನ್ನು ಅಂದೇ ತಿದ್ದಿದರು. ನನ್ನ ಪೆನ್ಸಿಲು ತೆಗೆದುಕೊಂಡರು. ಈಗ ಮೇಲಟ್ಟದಲ್ಲಿ ಕುಳಿತು ಭರತ ಇಳಿತದ ವೇಳಾಪಟ್ಟಿ ನಕಲು ಮಾಡುತ್ತೇನೆ. ಅಂದು ಅಲ್ಲಿಂದ ನೇರ ಸಂಗವ್ವನ ಪಂಪಿನ ಶೆಡ್ಡಿಗೆ ಹೋಗಿ, ಅದು ನನಗೆಂದು ಇಟ್ಟುಕೊಂಡದ್ದಲ್ಲ, ನಿನಗೆ ಸಿಗಬಾರದೆಂದು ಮುಚ್ಚಿದ್ದು ಎಂದು ಹೇಳಿದೆ. ಅವಳು ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟಳು. ಆಮೇಲೆ ನಾಲ್ಕು ತಿಂಗಳು ನಮ್ಮ ಓಣಿಗೆ ಬರಲಿಲ್ಲ.

ಹೋದ ವಾರ ಬಂದಳು. ಜಗುಲಿಯ ಮೇಲೆ ಕುಳಿತು, ನೀರು ಕೇಳಿ ಕುಡಿದು, "ನಿನಗ ಆ ಮಡು ನೋಡಾಕ ಆಗಂಗಿಲ್ಲ. ನನಗೂ ಇನ್ನ ಆಗಂಗಿಲ್ಲ. ನಾ ನೋಡಿದ್ದನ್ನಾದ್ರೂ ಹೇಳ್ತೀನಿ, ಕೇಳ್ತಿಯೇನು?" ಎಂದಳು. ಅಂದಿನಿಂದ ಸಂಜೆಗೊಂದು ದಿನದಂತೆ ಹೇಳುತ್ತಿದ್ದಾಳೆ. ಪಂಪು ಬಿಚ್ಚಿ ತೋರಿಸುವವಳ ಹಾಗೆ ಹೇಳುತ್ತಾಳೆ, ಒಂದು ಅಲೆಯನ್ನೂ ಬಿಡುವುದಿಲ್ಲ. ಕೇಳುವುದು ಸುಲಭವಲ್ಲ. ನಡುವೆ ಎರಡು ಸಲ ಎದ್ದು ಒಳಗೆ ಹೋದೆ, ಅವಳು ಕಾದಳು.

ಅಜ್ಜಿ, ನಿಮ್ಮ ನೋಟುಬುಕ್ಕಿನಲ್ಲಿ ಯೋಜನೆಯಷ್ಟೇ ಇದೆ. ನೀವು ಹೋದಿರೋ ಇಲ್ಲವೋ ನಮಗೆ ಯಾರಿಗೂ ತಿಳಿಯದು. ಹೋಗಿರಿ. ಗಾಳಿ ಇದ್ದರೂ ಕಾರಿನಿಂದ ಇಳಿಯಿರಿ. ಇಲ್ಲಿ ಒಬ್ಬಳು ಉರಿದುಕೊಳ್ಳುತ್ತಾಳೆಂದು ಹಿಂಜರಿಯಬೇಡಿ. ಇಷ್ಟು ದೂರದ ನನ್ನ ಉರಿ ನಿಮಗೆ ತಾಗದು, ಅದರ ಬಿಸಿಯನ್ನು ನನ್ನ ಪಕ್ಕದಲ್ಲಿದ್ದವಳು ಉಂಡಾಗಿದೆ.

ನನ್ನನ್ನು ಮನೆಗೆ ಕರೆದೊಯ್ಯಲು ಸಂಗವ್ವ ಬಂದ ಸದ್ದಾಯಿತು. ಇವತ್ತು ಆರನೆಯ ದಿನದ ಸುದ್ದಿ. ನಾನು ಕೆಳಗೆ ಹೋಗಬೇಕು.

ನಿಮ್ಮ,
ನೀಲವ್ವ