ದೊಡ್ಡವ್ವನ ಕಿವಿಮೊಗ್ಗು

ಬೆಟಗೇರಿ, ಫೆಬ್ರವರಿ ಮೂವತ್ತು, ೨೨೧೮

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ನಿಮ್ಮ ಶಾವಂತ್ರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿರಿ. ಫೆಬ್ರವರಿಗೆ ಬಹಳ ಕಾಲದಿಂದ ಅನ್ಯಾಯವಾಗಿದೆ ಎಂದು ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿರಿ. ಎದುರಿಗಿದ್ದವರ ಜೊತೆ ಮಾತಾಡಲು ನನಗೆ ನಾಚಿಕೆ. ನೀವು ಇಷ್ಟು ದೂರದಲ್ಲಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಗದಗಿನಿಂದ ಬೆಟಗೇರಿಗೆ ಈಗ ತೂಗುಗಾಡಿ ಇದೆ. ಹಗ್ಗಕ್ಕೆ ಜೋತುಬಿದ್ದು ಮನೆಗಳ ಮಾಳಿಗೆಯ ಮೇಲೆ ಹೋಗುವ ಗಾಡಿ ಅದು. ನಿಲ್ಲಿಸಲು ಮೊದಲು ಗುಂಡಿ ಇತ್ತಂತೆ. ಮಕ್ಕಳು ಒತ್ತಿ ಒತ್ತಿ ಗಾಡಿ ಮುಂದೆ ಹೋಗದಂತಾದ ಮೇಲೆ ತೆಗೆದುಹಾಕಿದರು. ಈಗ ಇಳಿಯುವವರು ಬಾಯಿಬಿಟ್ಟು ಹೇಳಬೇಕು, ನಡೆಸುವವರು ಕೇಳಿಸಿಕೊಂಡು ನಿಲ್ಲಿಸಬೇಕು. ನಡೆಸುವವಳು ನಮ್ಮ ದೊಡ್ಡವ್ವ ನೀಲಗಂಗವ್ವ. ಅವಳಿಗೆ ಕಿವಿ ಮಂದವಾಗಿ ಬಹಳ ದಿನವಾಗಿತ್ತು. ಹೋದ ತಿಂಗಳು ಒಬ್ಬ ಮದುಮಗನನ್ನು ಕಲ್ಯಾಣ ಮಂಟಪ ದಾಟಿಸಿ ಹಿಟ್ಟಿನ ಗಿರಣಿಯ ಹತ್ತಿರ ಇಳಿಸಿದಳು. ಅವನು ಮುಹೂರ್ತಕ್ಕೆ ಓಡುತ್ತ ಬಂದನಂತೆ, ಮೈತುಂಬ ಹಿಟ್ಟು.

ಗಾಡಿಯ ಕಚೇರಿಯವರು ಕಟ್ಟುನಿಟ್ಟಾಗಿ ಹೇಳಿದರು: ಕಿವಿಗೆ ಹೊಂದುವ ಯಂತ್ರ ಹಾಕಿಕೊಂಡು, ಪರೀಕ್ಷೆ ಮಾಡುವವರನ್ನು ಒಂದು ಸುತ್ತು ಕರೆದೊಯ್ದು ತೋರಿಸಬೇಕು. ಆಗದಿದ್ದರೆ ಗಾಡಿ ನಡೆಸುವ ಹಿಡಿಕೆಯನ್ನು ಕಾಕಾನ ಮಗ ವಿರೂಪಾಕ್ಷಿಗೆ ಕೊಡಬೇಕು. ಅವನಾಗಲೇ ಗಾಡಿ ಕಲಿತು ಕಾಯುತ್ತಿದ್ದ. ಹಿಡಿಕೆ ಬಿಟ್ಟರೆ ತನಗೆ ಉಂಡದ್ದು ಅರಗುವುದಿಲ್ಲ ಎಂದು ದೊಡ್ಡವ್ವ ಅಂದಳು. ಅಂದಿನಿಂದಲೇ ಅವಳ ಊಟ ಕಡಿಮೆಯಾಯಿತು.

ಕಾಕಾ, ಕಾಕೂ, ನಾನು ಸೇರಿ ದೊಡ್ಡವ್ವನನ್ನು ಕಿವಿ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿ ಪರೀಕ್ಷೆ ನಿಮ್ಮ ಕಾಲದ ಹಾಗೆಯೇ ಇದೆ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಿಗೆ ಹಾಕಿ, ಸಣ್ಣ ಸಣ್ಣ ಸದ್ದು ಬಿಡುತ್ತಾರೆ. ಕೇಳಿದಾಗ ಬೆರಳೆತ್ತಬೇಕು. ಕೋಣೆ ತಂಪಾಗಿದ್ದದ್ದರಿಂದ ದೊಡ್ಡವ್ವ ಸ್ವಲ್ಪ ನಿದ್ದೆಯನ್ನೂ ಮಾಡಿದಳು. ಕೇಂದ್ರದ ಜುಬೇದಾಬಿ ಅವಳ ಕಿವಿಯ ನಕ್ಷೆ ತೆಗೆದು, ಹೆಣ್ಣುಮಕ್ಕಳ ತೆಳು ದನಿ ಪೂರಾ ಹೋಗಿದೆ, ಗಂಡಸರ ದಪ್ಪ ದನಿ ಅರ್ಧ ಉಳಿದಿದೆ ಎಂದಳು. ಕಾಕಾ ಅದನ್ನು ತನ್ನ ಗೌರವವೆಂದು ತಿಳಿದ.

ಆಮೇಲೆ ಆರಿಸುವ ಕೆಲಸ. ಕಿವಿಯ ಹಿಂದೆ ಕೂರುವುದಿತ್ತು, ಒಳಗೆ ಕೂರುವುದಿತ್ತು. ಕಾಕೂಗೆ ಬೆಂಡೋಲೆಗೆ ಒಪ್ಪುವ ಬಣ್ಣ ಬೇಕಿತ್ತು. ಕಾಕಾನಿಗೆ ಎಲ್ಲಕ್ಕಿಂತ ದೊಡ್ಡದು ಬೇಕಿತ್ತು. ಜುಬೇದಾಬಿ ನಕ್ಷೆಯನ್ನೂ ಗಾಳಿಯಲ್ಲಿ ಮಾಡುವ ಕೆಲಸವನ್ನೂ ನೋಡಿ ಕಿವಿಮೊಗ್ಗು ಕೊಟ್ಟಳು. ಅದು ಕಡಲೆಕಾಳಿನಷ್ಟು ಇರುತ್ತದೆ, ಕಿವಿಯ ಬಿಸಿಗೆ ಅರಳಿ ಒಳಗೆ ಕೂರುತ್ತದೆ. ಆದರೆ ಮೊದಲು ಮನೆಯವರು ಅದರ ಮುಂದೆ ಮಾತಾಡಬೇಕು. ಮಾತು ಎಂದರೆ ಎಷ್ಟು ಜೋರು ಎಂದು ಅದು ಅವರಿಂದ ಕಲಿಯುತ್ತದೆ. ಅದಕ್ಕಿಂತ ಮೆಲ್ಲಗಿನದನ್ನೆಲ್ಲ ಗಾಳಿಯ ಸದ್ದೆಂದು ಅಳಿಸುತ್ತದೆ.

ನಾವು ನೇಕಾರರು. ಇನ್ನೂರು ವರ್ಷದಲ್ಲಿ ಏನೇನೋ ಸುಧಾರಿಸಿದೆ, ಮಗ್ಗದ ಗದ್ದಲ ಮಾತ್ರ ಇದ್ದಹಾಗೇ ಇದೆ. ನಮ್ಮ ಓಣಿಯಲ್ಲಿ ಉಪ್ಪು ಕೇಳಿದರೂ ಜಗಳವೆಂದು ಹೊರಗಿನವರು ಇಣುಕುತ್ತಾರೆ. ಮೊಗ್ಗಿನ ಮುಂದೆ ಕಾಕಾ ಒಂದು ಮಾತು ಹೇಳಿದ್ದಕ್ಕೆ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಕೂತಿದ್ದ ಮುದುಕ ಬೆರಳೆತ್ತಿದ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿರೆಂದು ಜುಬೇದಾಬಿ ಬೇಡಿಕೊಂಡಳು.

“ನಾವು ಮನ್ಯಾಗ ಮಾತಾಡೂದ ಹಿಂಗ್ರೀ,” ಅಂದ ಕಾಕಾ. ಅವನು ಸುಳ್ಳೇನೂ ಹೇಳಲಿಲ್ಲ.

ಮರುದಿನ ಗಾಡಿಯಲ್ಲಿ ಮೂರು ಜನ ಮರ್ಯಾದೆಯಿಂದ, ಮೆಲ್ಲಗೆ, ನಿಲ್ಲಿಸಿ ಎಂದರು. ಮೂವರೂ ಕೊನೆಯ ನಿಲುಗಡೆಯ ಕಂಬದ ತನಕ ಹೋಗಿ ಬಂದರು. ಮೊಗ್ಗು ಅವರನ್ನು ಗಾಳಿಯೆಂದು ತಿಳಿದಿತ್ತು. ದೊಡ್ಡವ್ವ ಅದನ್ನು ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

ನಮ್ಮನ್ನು ಮತ್ತೆ ಕರೆಸಿದ ಜುಬೇದಾಬಿ ದೊಡ್ಡವ್ವನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಮೂಲೆಯಲ್ಲಿದ್ದ ನಾನು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಕಂಡ ಮೇಲೆ, ಇವಳೂ ಮನೆಯವಳೇ ಏನು ಎಂದು ಕೇಳಿದಳು. ನನ್ನ ದನಿ ಮಗ್ಗದ ಮನೆಯಲ್ಲಿ ಯಾರಿಗೂ ಮುಟ್ಟುವುದಿಲ್ಲ, ಆದ್ದರಿಂದ ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲು ಕಲಿತದ್ದನ್ನು ಜುಬೇದಾಬಿ ಅಳಿಸಿದ ಮೇಲೆ ಮೊಗ್ಗಿನ ಮುಂದೆ ನಾನು ಮಾತಾಡಿದೆ. ಅದು ಕಲಿತ ಮೇಲೆ ದೊಡ್ಡವ್ವನ ಕಿವಿಗಿಟ್ಟು, ಬೆನ್ನ ಹಿಂದೆ ನಿಂತು, ಊಟ ಮಾಡು ದೊಡ್ಡವ್ವ ಎಂದೆ.

ಅವಳು ತಿರುಗಿ ನೋಡಿದಳು. “ಯವ್ವಾ, ನಿನಗ ಇಂಥಾ ದನಿ ಐತೇನ?” ಅಂದಳು. ಮತ್ತೊಂದು ಮಾತು ಹೇಳು ಎಂದಳು. ಎರಡು ರೊಟ್ಟಿ ಹೆಚ್ಚು ತಿನ್ನು ಎಂದೆ.

ಗಾಡಿಯ ಪರೀಕ್ಷೆಯ ದಿನ ಕಚೇರಿಯಿಂದ ಬಂದವರು ತೆಳ್ಳಗಿನ ಹೆಂಗಸು. ಹೊಂಡದ ಹತ್ತಿರ ನಿಲ್ಲಿಸಿ ಎಂದು ಅವರು ಗೊಣಗಿದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಗಾಡಿ ಹೊಂಡದ ಹತ್ತಿರ ನಿಂತಿತು. ಹಿಡಿಕೆ ಹಿಡಿಯಲೆಂದೇ ಬಂದಿದ್ದ ವಿರೂಪಾಕ್ಷಿ ಹಿಂದಿನ ಸೀಟಿನಲ್ಲಿ, ಮುದುಕಿಗೆ ಅದೃಷ್ಟ, ಮುಂದಿನ ಕಂಬಕ್ಕೆ ನೋಡೋಣ ಎಂದು ಪಿಸುಗುಟ್ಟಿದ.

ದೊಡ್ಡವ್ವ ತಿರುಗಲಿಲ್ಲ. “ಮುಂದಿನ ಕಂಬದಾಗ ನೀ ಇಳೀಪಾ ವಿರೂಪಾಕ್ಷಿ. ಮುದುಕಿಗೆ ಗಾಡಿ ಹಗುರಾಗ್ತೈತಿ.”

ಪರೀಕ್ಷೆಯವರು ನಗು ತಡೆದುಕೊಂಡು, ಗಾಡಿ ಅವಳ ಕೈಯಲ್ಲೇ ಇರಲಿ ಎಂದರು. ಅಂದು ಮಧ್ಯಾಹ್ನ ದೊಡ್ಡವ್ವ ಎರಡು ರೊಟ್ಟಿ ಹೆಚ್ಚು ತಿಂದಳು.

ಹಿರಿಯರೇ, ನಿಮ್ಮಲ್ಲಿ ಮನೆಯವರು ಮಾತಾಡುವುದನ್ನು ಯಂತ್ರ ಕಲಿಯುವುದಿಲ್ಲವೇನೋ. ಆದರೂ ಕಿವಿ ಮಂದವಾದವರನ್ನು ಕರೆದೊಯ್ಯುವಾಗ ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಕಿವಿ ಮಂದವಾದವರ ಬೆನ್ನ ಹಿಂದೆ ಆಡುವ ಮಾತನ್ನು ಯಂತ್ರ ಕೊಳ್ಳುವ ಮೊದಲೇ ನಿಲ್ಲಿಸಿರಿ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಈಗ ದೊಡ್ಡವ್ವನೂ ನಾನೂ ಮೆಲ್ಲಗೆ ಮಾತಾಡಿಕೊಂಡು ನಗುತ್ತೇವೆ. ಏನು, ಏನು ಎಂದು ಕಾಕಾ ಕೂಗುತ್ತಾನೆ. ಸೋಮವಾರ ಅವನನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು.