ನನ್ನ ಆಸನಕ್ಕೆ ಆರು ಹೆಜ್ಜೆ

ಆಗಸ್ಟ್ 23, ಶನಿವಾರ. ಬೆಳಿಗ್ಗೆ 11

ಜಯನಗರದ ಮನೆ ಮುಂದೆ ಎಂದಿನಂತೆ ಚಪ್ಪಲಿ ರಾಶಿ. ಇಪ್ಪತ್ತಾರು ಜನ. ಬೀದಿದೀಪ, ಚರಂಡಿ, ಸ್ಕೂಲ್ ಸೀಟು, ಮಿಕ್ಕವರಿಗೆಲ್ಲ ಗಣೇಶನ ಪೆಂಡಾಲಿಗೆ ಪರ್ಮಿಷನ್ ಬೇಕು. ನಿನ್ನೆ ಸಂಜೆ ಅಧಿವೇಶನ ಮುಗಿಯಿತು, ಇವತ್ತಾದರೂ ಕೂತು ಒಂದು ಲೋಟ ಕಾಫಿ ಕುಡಿಯೋಣ ಎಂದುಕೊಂಡಿದ್ದೆ. ಸೋಮನಾಥ್ ಪೇಪರ್ ಹಿಂದಿನಿಂದಲೇ ಅಂದರು, "ಮನೆಮನೆಗೂ ಹೋಗಿ ಕೈಮುಗಿದು ಶಾಸಕಿ ಆದೋಳು ನೀನೇ ತಾನೆ? ಅನುಭವಿಸು." ಗಂಡಂದಿರಿಗೆ ಇಂಥ ಮಾತು ಬೆಳಿಗ್ಗೆ ಬೆಳಿಗ್ಗೆ ಎಲ್ಲಿಂದ ಹುಟ್ಟುತ್ತದೋ.

ರಾಜಶ್ರೀ — ನನ್ನ ಆಫೀಸ್ ನೋಡಿಕೊಳ್ಳುವವಳು — ಬ್ಯಾಗ್ ಇಳಿಸುವ ಮೊದಲೇ ಶುರು. "ಮೇಡಂ, ಪಾಂಪ್ಲೆಟ್‌ಗೆ ಅಧಿವೇಶನದ ಹಿನ್ನೋಟ ಬರ್ದುಕೊಡಿ. ಒಂದೇ ಪೇಜು. ಸದನದಲ್ಲಿ ನೀವು ಏನೇನ್ ಮಾಡಿದ್ರಿ ಅಂತ. ಪಾರ್ಟಿ ಆಫೀಸಿಂದ ಎರಡು ಸಲ ಫೋನ್ ಬಂತು."

ಏನೇನು ಮಾಡಿದೆ... ವಿರೋಧದ ಸಾಲಿನಲ್ಲೂ ಕೊನೆಯ ಮೂಲೆಯ ಪಕ್ಷ, ಹನ್ನೊಂದು ಜನ. ಎದ್ದೆ, ಕೂಗಿದೆ, ಕೂತೆ.

ಎಲ್ಲರೂ ಹೋದ ಮೇಲೂ ಬೆಂಚಿನ ತುದಿಯಲ್ಲಿ ಚಿಕ್ಕಬೈರಪ್ಪ. ಬಿಳೇಕಹಳ್ಳಿ ಆಚೆ ಗುಂಟೆಪಾಳ್ಯದವರು, ಎಂಬತ್ತೆರಡು ವರ್ಷ. ಇವರು ರಾಗಿ ಬೆಳೆದ ಹೊಲದಲ್ಲಿ ಈಗ ಮೊಮ್ಮಗ ದೀಪಕ್ ನಡೆಸುವ ಎರಡು ಪಿಜಿ. ಜೇಬಿನಿಂದ ಅದೇ ಕಾಗದ ತೆಗೆದರು. ನನ್ನ ತಿದ್ದುಪಡಿ ನೋಟಿಸಿನ ಜೆರಾಕ್ಸ್. ಅಧಿವೇಶನಕ್ಕೆ ಮೊದಲು ನಾನೇ ಕೊಟ್ಟಿದ್ದು. ನನ್ನ ಸೈನ್, ವಿಧಾನಸಭೆಯ ಸೀಲು. ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಾರೆ. ಅದೇ ಸರ್ಕಾರದ ಆರ್ಡರ್ ಎಂದು ನಂಬಿದ್ದಾರೆ.

"ನಮ್ದು ಆಯ್ತೇನವ್ವ?"

"ಮೇಲಕ್ಕೆ ಹೋಗಿದೆ ಯಜಮಾನ್ರೇ. ನೋಡೋಣ."

ಮೇಲಕ್ಕೆ ಅಂತೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಆಗಸ್ಟ್ 24, ಭಾನುವಾರ

ಹಿನ್ನೋಟಕ್ಕೆ ಕೂತೆ. ಹಾಜರಿ ಹತ್ತು ದಿನಕ್ಕೆ ಹತ್ತೂ. ಪ್ರಶ್ನೆ ಇಪ್ಪತ್ತೊಂದು. ಬಾಯಲ್ಲಿ ಉತ್ತರ ಸಿಕ್ಕಿದ್ದು ಎರಡಕ್ಕೆ, ಉಳಿದದ್ದೆಲ್ಲ ಕಾಗದದಲ್ಲಿ — "ಪರಿಶೀಲನೆಯಲ್ಲಿದೆ". ತಿದ್ದುಪಡಿ ಒಂದು.

ಆ ಒಂದರ ಹತ್ತಿರ ಬಂದು ಪೆನ್ನು ನಿಂತಿತು. ಪಾಂಪ್ಲೆಟ್ ಹಾಳಾಗಲಿ, ಇಲ್ಲಿ ಬರೆದುಕೊಳ್ಳುತ್ತೇನೆ.

ನಗರದೊಳಗೆ ಸರಿಯಾಗಿ ಬಳಕೆಯಾಗದ ಸರ್ಕಾರಿ ಜಾಗವನ್ನೆಲ್ಲ ತೆಗೆದುಕೊಂಡು ಪಾರ್ಕಿಂಗ್ ಕಟ್ಟಡ ಕಟ್ಟುವುದಕ್ಕೆ ಒಂದು ಮಸೂದೆ ತಂದರು. ಅದರ ಏಳನೇ ಖಂಡದ ಪ್ರಕಾರ ವರ್ಷಕ್ಕೆ ಒಂದೋ ಎರಡೋ ಮಣ್ಣು ಕಾಣುವ ಹಳೇ ಊರಿನ ಸ್ಮಶಾನವೂ "ಬಳಕೆಯಾಗದ ಜಾಗ". ಗುಂಟೆಪಾಳ್ಯದ್ದು ಅಂಥದ್ದೇ. ಚಿಕ್ಕಬೈರಪ್ಪನವರ ಹೆಂಡತಿ ಬೈರಮ್ಮ ಅಲ್ಲಿ ಮಲಗಿ ಒಂಬತ್ತು ವರ್ಷ. ಪಕ್ಕದ ಆರಡಿಗೆ ನಾಲ್ಕು ಕಲ್ಲು ನೆಟ್ಟು ಇವರು ತಮಗೆ ಇಟ್ಟುಕೊಂಡಿದ್ದಾರೆ. ಹುಲ್ಲು ಬೆಳೆದರೆ ತಾವೇ ಕುಡುಗೋಲು ಹಿಡಿದು ಹೋಗುತ್ತಾರೆ. "ನನ್ನ ವಿಲ್ಸನ್ ಗಾರ್ಡನ್‌ಗೆ ತಗೊಂಡೋಗಿ ಕರೆಂಟ್ ಒಲೇಲಿಕ್ಕಿ ಸ್ವಿಚ್ ಹಾಕ್ಬುಡ್ಬೇಡ್ರವ್ವ. ಅವಳ ಪಕ್ಕ ಮಡಗಿ. ಇನ್ನೇನೂ ಬ್ಯಾಡ." ಮೊದಲ ದಿನವೇ ಹೇಳಿದ್ದರು. ನಮ್ಮಲ್ಲೂ ಮಣ್ಣಿಗೇ ಇಡುವುದು. ಅತ್ತೆಯನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿದ್ದು ಕಣ್ಣ ಮುಂದಿದೆ. ಆಗಲಿ ಯಜಮಾನ್ರೇ ಎಂದು ಮಾತು ಕೊಟ್ಟೆ.

ನನ್ನ ತಿದ್ದುಪಡಿ ಎರಡೇ ಪದ — "ಸ್ಮಶಾನಗಳನ್ನು ಹೊರತುಪಡಿಸಿ". ನಮ್ಮಂಥ ಪಕ್ಷದವರ ತಿದ್ದುಪಡಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಆದರೆ ಈ ಸಲ ಮಸೂದೆ ತಂದ ಮಂತ್ರಿಗಳೇ ಕಾರಿಡಾರಿನಲ್ಲಿ ನಿಲ್ಲಿಸಿ ಅಂದರು, "ನೀವು ಮೂವ್ ಮಾಡಿ ಮೇಡಂ, ನಾನು ಒಪ್ಕೋತೀನಿ. ನಮ್ ಊರಲ್ಲೂ ಇದೇ ತಲೆನೋವಿದೆ." ಎರಡೂವರೆ ವರ್ಷದಲ್ಲಿ ನನ್ನ ಕೈಗೆ ಬಂದ ಒಂದೇ ಒಂದು ತುತ್ತು.

ಬುಧವಾರ, 20ನೇ ತಾರೀಖು. ಅವತ್ತೇ ನಮ್ಮ ಪಕ್ಷದ ಸದನ ನಾಯಕ ಕೈಲಾಸ್ ಧರಣಿ ಇಟ್ಟರು. ಯಾವುದೋ ಟೆಂಡರ್. ಯಾವ ಟೆಂಡರ್ ಎಂದು ಈಗ ಪೇಪರಿನವರಿಗೂ ನೆನಪಿಲ್ಲ. "ಹನ್ನೊಂದು ಜನಾನೂ ಬಾವಿಗಿಳೀಬೇಕು. ನಾನು ಹೇಳೋ ತನಕ ಒಬ್ರೂ ಸೀಟಿಗೆ ಹೋಗಂಗಿಲ್ಲ. ಮುಂದಿನ ಟಿಕೆಟ್ ಮಾಡೋವಾಗ ನಾನು ಈ ವಿಡಿಯೋ ನೋಡೇ ಮಾಡೋದು." ನಗುನಗುತ್ತಲೇ ಅಂದರು. ಬಾವಿ ಎಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗ. ಪ್ಲಕಾರ್ಡ್ ಹಿಡಿದು ಇಳಿದೆವು. ಆ ಗದ್ದಲದಲ್ಲೇ ಮಸೂದೆ ತೆಗೆದುಕೊಂಡರು. ತಿದ್ದುಪಡಿ ಕೊಟ್ಟವರು ಹೆಸರು ಕರೆದಾಗ ತಮ್ಮ ಆಸನದಲ್ಲಿ ನಿಂತು "ಮಂಡಿಸುತ್ತೇನೆ" ಎನ್ನಬೇಕು. ಬಾವಿಯಲ್ಲಿ ನಿಂತು ಹೇಳಿದರೆ ಲೆಕ್ಕಕ್ಕಿಲ್ಲ. ಗದ್ದಲದಲ್ಲಿ ನನಗೆ ಹೆಸರು ಕೇಳಿಸಲಿಲ್ಲ. ನಾಲ್ಕು ನಿಮಿಷಕ್ಕೆ ಧ್ವನಿಮತ, ಮಸೂದೆ ಪಾಸು. ಮಾರನೇ ದಿನ ಮೇಲ್ಮನೆಯಲ್ಲೂ ಪಾಸು.

ಆಗಸ್ಟ್ 27, ಬುಧವಾರ. ಗಣೇಶನ ಹಬ್ಬ

ಹದಿನೇಳು ಪೆಂಡಾಲು, ಹದಿನೇಳು ಶಾಲು. ಬನಶಂಕರಿಯಲ್ಲಿ ಮೈಕ್ ಕೊಟ್ಟು "ಸದನದಲ್ಲಿ ಘರ್ಜಿಸಿದ ನಮ್ಮ ಸಿಂಹಿಣಿ" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಟ್ಟರೂ ಇವರು ಅಲ್ಲೊಂದು ಪಾರ್ಕಿಂಗ್ ಕಟ್ಟುತ್ತಾರೆ.

ಕೈಲಾಸ್ ಫೋನ್. "ಮೇಡಂ, ಧರಣಿಯ ಫ್ರಂಟ್ ಪೇಜ್ ಫೋಟೋದಲ್ಲಿ ಸಖತ್ತಾಗಿ ಬಂದಿದೀರ. ಡೆಲ್ಲಿಯಿಂದ ಕೇಳಿದ್ರು, ಈ ಲೇಡಿ ಯಾರು ಅಂತ."

ಖುಷಿಯಾಯಿತು. ಬರೆದುಕೊಳ್ಳಬೇಕು ಅದನ್ನೂ. ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು. ಥೂ.

ಸೆಪ್ಟೆಂಬರ್ 2, ಮಂಗಳವಾರ

ಗುಂಟೆಪಾಳ್ಯಕ್ಕೆ ಹೋದೆ. ನಿಜ ಹೇಳಿಬಿಡೋಣ ಎಂದೇ ಹೋಗಿದ್ದು. ಚಿಕ್ಕಬೈರಪ್ಪ ಸ್ಮಶಾನಕ್ಕೇ ಕರೆದುಕೊಂಡು ಹೋದರು. ಮೂರು ಕಡೆ ಅಪಾರ್ಟ್‌ಮೆಂಟ್, ಮಧ್ಯೆ ಒಂದಿಷ್ಟು ಹೊಂಗೆ ಮರ. ನಾಲ್ಕು ಕಲ್ಲಿಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ. "ಇಲ್ಲಿ ನಾನು, ಅಲ್ಲಿ ಅವಳು. ಗೊರಕೆ ಹೊಡೀತೀನಿ ಅಂತ ಬೈಯ್ಕಂಡೇ ಹೋದ್ಲು, ಇನ್ಮೇಲೆ ಬೈಯಂಗಿಲ್ಲ," ಎಂದು ನಕ್ಕರು. ನಾನೂ ನಕ್ಕೆ. ಹೇಳಲಾಗಲಿಲ್ಲ.

ಕಾರಿನ ಹತ್ತಿರ ದೀಪಕ್ ತಡೆದ. ಓದಿದವನು, ಮಸೂದೆ ಪಾಸಾದದ್ದು ಆನ್‌ಲೈನಿನಲ್ಲಿ ನೋಡಿದ್ದಾನೆ. "ಮೇಡಂ, ತಾತ ಆ ಪೇಪರ್ ಹಿಡ್ಕೊಂಡು ಊರೆಲ್ಲ ತೋರಿಸ್ತಾ ಇದಾರೆ. ನಾನು ಹೇಳಿದ್ರೆ ನಂಬಲ್ಲ, ಅವ್ವ ಸೈನ್ ಹಾಕವ್ಳೆ ಅಂತಾರೆ. ನೀವೇ ಹೇಳ್ಬಿಡಿ, ಪ್ಲೀಸ್."

"ರಾಜ್ಯಪಾಲರ ಸಹಿ ಆಗಿಲ್ಲಪ್ಪ ಇನ್ನೂ. ಪ್ರಯತ್ನ ಮಾಡ್ತಿದೀನಿ," ಎಂದೆ. ಅವನು ನನ್ನನ್ನೇ ನೋಡಿದ. ಕಾರಿನ ಬಾಗಿಲು ಮಾತ್ರ ಮರ್ಯಾದೆಯಿಂದ ತೆಗೆದ.

ಸೆಪ್ಟೆಂಬರ್ 3

ಹಿನ್ನೋಟ ಬರೆಯಲಿಲ್ಲ. ತಲೆನೋವು.

ಸೆಪ್ಟೆಂಬರ್ 16, ಮಂಗಳವಾರ

ರಾಜ್ಯಪಾಲರ ಸಹಿಯಾಯಿತು, ಗೆಜೆಟ್ ಬಂತು. ಮೊದಲ ಪಟ್ಟಿಯಲ್ಲೇ ಗುಂಟೆಪಾಳ್ಯ.

ಮಂತ್ರಿಗಳ ಹತ್ತಿರ ಓಡಿದೆ. ಕೂರಿಸಿ ಟೀ ಕೊಟ್ಟರು. ಅದೇ ಇನ್ನೂ ಹೊಟ್ಟೆ ಉರಿಸಿತು. "ನಾನು ರೆಡಿ ಇದ್ದೆನಲ್ಲ ಮೇಡಂ. ಒಂದು ನಿಮಿಷದ ಕೆಲಸ. ನೀವು ಬರ್ಲೇ ಇಲ್ಲ. ಇನ್ನು ಹೊಸದಾಗಿ ತಿದ್ದುಪಡಿ ಮಸೂದೆ ಆಗ್ಬೇಕು. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಇದೆ, ಅಲ್ಲಿ ನೋಡೋಣ."

"ಅಲ್ಲಿತನಕ ಸ್ಮಶಾನ ಇರತ್ತಾ ಸಾರ್?"

ಗಡಿಯಾರ ನೋಡಿಕೊಂಡರು.

ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ. ಮಧ್ಯಾಹ್ನ 3

ಎಂಟು ಗಂಟೆಗೆ ದೀಪಕ್ ಫೋನ್ ಮಾಡಿದ. "ಬೇಗ ಬನ್ನಿ ಮೇಡಂ, ತಾತ ಏಳ್ತಾ ಇಲ್ಲ." ಹೋಗೇಬಿಟ್ಟರು ಎಂದುಕೊಂಡು ಓಡಿದೆ.

ಅದಲ್ಲ. ಹಿರಿಯರಿಗೆ ಎಡೆ ಇಡುವ ದಿನ. ಬೈರಮ್ಮನಿಗೆ ಇಷ್ಟವೆಂದು ಒಬ್ಬಟ್ಟು ಮಾಡಿಸಿಕೊಂಡು, ಬಾಳೆಲೆ ಹಿಡಿದು ಹೋಗಿದ್ದಾರೆ. ಸುತ್ತ ತಗಡಿನ ಶೀಟು, ಗೇಟಿಗೆ ಬೀಗ, ಹೊಸ ಬೋರ್ಡು. ಸೆಕ್ಯೂರಿಟಿಯವನಿಗೆ ಲ್ಯಾಮಿನೇಷನ್ ಕಾಗದ ತೋರಿಸಿದ್ದಾರೆ. ಅವನು ಯಾವ ಊರಿನವನೋ, ಕನ್ನಡ ಓದಲು ಬಾರದು. ಇವರು ತಗಡಿನ ಮುಂದೆ ರಸ್ತೆಯಲ್ಲೇ ಎಲೆ ಹಾಕಿ, ಬಡಿಸಿ, ಕೂತುಬಿಟ್ಟಿದ್ದಾರೆ. ಸ್ವಿಗ್ಗಿ ಬೈಕುಗಳು ಸುತ್ತಿಕೊಂಡು ಹೋಗುತ್ತಿವೆ.

ಪಕ್ಕದಲ್ಲಿ ಕೂತೆ. ರೇಷ್ಮೆ ಸೀರೆ ಧೂಳಾಯಿತು.

"ಇದು ತೋರ್ಸಿದ್ರೂ ಬಿಡ್ಲಿಲ್ವಲ್ಲವ್ವ."

ಆಗ ಹೇಳಿದೆ. ಅದು ಆರ್ಡರ್ ಅಲ್ಲ, ನಾನು ಕೊಟ್ಟ ಅರ್ಜಿ ಅಷ್ಟೇ ಎಂದೆ. ಅವತ್ತು ಸದನದಲ್ಲಿ ಗಲಾಟೆ, ನನ್ನ ಹೆಸರು ಕರೆದದ್ದು ಕೇಳಿಸಲಿಲ್ಲ, ತಪ್ಪಿಹೋಯಿತು ಎಂದೆ. ಹೇಳುತ್ತಾ ಅತ್ತುಬಿಟ್ಟೆ.

ಚಿಕ್ಕಬೈರಪ್ಪ ಕಾಗದವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಹೋಗ್ಲಿ ಬುಡವ್ವ, ಅಳಬ್ಯಾಡ. ಅಷ್ಟು ಜನ ಗಂಡಸ್ರು ಕೂಗ್ತಾ ಇದ್ರೆ ನಿಂಗಾದ್ರೂ ಎಂಗೆ ಕೇಳ್ಸಾದು." ಒಬ್ಬಟ್ಟು ಮುರಿದು ನನಗೂ ಕೊಟ್ಟರು. ತಿಂದೆ. ಹೇಗೆ ತಿಂದೆನೋ ಆ ಶಿವನಿಗೇ ಗೊತ್ತು.

ಸೆಪ್ಟೆಂಬರ್ 24, ಬುಧವಾರ

ಚಿಕ್ಕಬೈರಪ್ಪ ಹೋದರು. ಬೆಳಿಗ್ಗೆ ಆರಕ್ಕೆ, ನಿದ್ದೆಯಲ್ಲೇ. ಭಾನುವಾರದಿಂದ ಊಟ ಬಿಟ್ಟಿದ್ದರಂತೆ.

ಕಮಿಷನರ್, ಡಿಸಿ, ಇನ್ಸ್‌ಪೆಕ್ಟರ್ — ಹತ್ತೂವರೆತನಕ ಫೋನಿನಲ್ಲಿ ಬಾಯಿ ಬಡಿದುಕೊಂಡೆ. ಆರೇ ಆರಡಿ, ಒಂದೇ ಒಂದು ಮಣ್ಣು ಎಂದು. ಎಲ್ಲರೂ ಮೇಡಂ ಮೇಡಂ ಎನ್ನುತ್ತಲೇ ಇಲ್ಲ ಎಂದರು. ಕೈಲಾಸ್ ಅಂದರು, "ಒಳ್ಳೇ ಇಶ್ಯೂ ಮೇಡಂ! ಬಾಡಿ ಗೇಟ್ ಮುಂದೆ ಇಟ್ಕೊಂಡು ಧರಣಿ ಕೂತ್ಕೊಳಿ, ನಾನು ಮೀಡಿಯಾ ಕರ್ಕೊಂಡು ಬರ್ತೀನಿ." ಫೋನ್ ಇಟ್ಟುಬಿಟ್ಟೆ.

ಕೊನೆಗೆ ವಿಲ್ಸನ್ ಗಾರ್ಡನ್. ಯಾವುದು ಬೇಡ ಎಂದು ಬೇಡಿಕೊಂಡಿದ್ದರೋ ಅಲ್ಲಿಗೇ. ಟೋಕನ್ ನಂಬರ್ ಒಂಬತ್ತು. ಎರಡು ಗಂಟೆ ಕಾದೆವು. ಹೆಣಕ್ಕೆ ಬಿಳಿ ಶರ್ಟು ಹಾಕಿದ್ದರು. ಒಳಗೆ ಬಿಡುವ ಮೊದಲು ಅಲ್ಲಿನವರು ಜೇಬು ಮುಟ್ಟಿ ನೋಡಿ ದೀಪಕ್‌ನನ್ನು ಕರೆದರು. ಅವನು ಏನನ್ನೋ ತೆಗೆದುಕೊಂಡು ನನ್ನ ಹತ್ತಿರ ಬಂದ.

"ಜೊತೇಲೇ ಇರ್ಲಿ ಅಂತ ಜೇಬಲ್ಲಿ ಇಟ್ಟಿದ್ದೆ ಮೇಡಂ. ಪ್ಲಾಸ್ಟಿಕ್ ಒಳಗೆ ಹಾಕಂಗಿಲ್ವಂತೆ. ನೀವೇ ಇಟ್ಕೊಳಿ."

ಸೆಪ್ಟೆಂಬರ್ 26, ಶುಕ್ರವಾರ. ಬೆಳಿಗ್ಗೆ 8

ಪಾಂಪ್ಲೆಟ್‌ನ ಪ್ರೂಫ್ ಟೇಬಲ್ ಮೇಲಿದೆ. ನಾನು ಬರೆಯದಿದ್ದರೆ ಏನಂತೆ, ರಾಜಶ್ರೀಯೇ ಬರೆದಿದ್ದಾಳೆ. ಪಾಪ, ನಾನು ಹೇಳಿದ್ದನ್ನೇ ಬರೆದಿದ್ದಾಳೆ. "ಸ್ಮಶಾನಗಳ ರಕ್ಷಣೆಗೆ ತಿದ್ದುಪಡಿ ನೀಡಿದ್ದರೂ ಆಡಳಿತ ಪಕ್ಷದ ತರಾತುರಿ ಹಾಗೂ ಗದ್ದಲದ ನಡುವೆ ಕರೆದದ್ದು ಕೇಳಿಸದೆ..." ಪಕ್ಕದಲ್ಲಿ ಬಾಯಿ ತೆರೆದ ನನ್ನ ಫೋಟೋ.

ನಿನ್ನೆ ಸದನದ ನಡವಳಿ ತರಿಸಿ ಓದಿದೆ. "ಸಭಾಧ್ಯಕ್ಷರು: ಶ್ರೀಮತಿ ಕಮಲಾದೇವಿ. (ಗದ್ದಲ) ಶ್ರೀಮತಿ ಕಮಲಾದೇವಿ. ಸದಸ್ಯರು ಆಸನದಲ್ಲಿಲ್ಲ. ತಿದ್ದುಪಡಿ ಮಂಡನೆಯಾಗಿಲ್ಲ." ಎರಡೂವರೆ ಸಾಲು. ಆಮೇಲೆ ವಿಡಿಯೋ ಹಾಕಿಸಿ ನೋಡಿದೆ. ಸೋಮನಾಥ್ ಪಕ್ಕದಲ್ಲೇ ಕೂತು ನೋಡಿದರು, ಅವರಿಗೆ ಏನೂ ಕಾಣಲಿಲ್ಲ. ನನಗೆ ಕಂಡಿತು. ಮೊದಲ ಸಲ ಹೆಸರು ಬಂದಾಗ ನೀಲಿ ಸೀರೆಯವಳು ತಲೆ ಎತ್ತುತ್ತಾಳೆ.

ಒಂದು ತಿಂಗಳಿಂದ ಈ ಪುಸ್ತಕಕ್ಕೂ ಸುಳ್ಳು ಬರೆದಿದ್ದೇನೆ. ಇದನ್ನು ಓದುವವರು ಯಾರಿದ್ದಾರೆ, ಯಾರ ಭಯ?

ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು. ಸಭಾಧ್ಯಕ್ಷರು ನನ್ನ ಮುಖ ನೋಡಿಯೇ ಕರೆದರು. ಮಂತ್ರಿಗಳು ಕೈಯಲ್ಲಿ ಕಾಗದ ಹಿಡಿದು ಎದ್ದು ನಿಂತಿದ್ದರು. ಅಲ್ಲಿಂದ ನನ್ನ ಆಸನಕ್ಕೆ ಆರು ಹೆಜ್ಜೆ. ಪಕ್ಕದಲ್ಲಿದ್ದ ಕೈಲಾಸ್ ನನ್ನ ಕಡೆ ತಿರುಗಿದರು. ಅಷ್ಟೇ, ಬರೀ ತಿರುಗಿದರು. ನಾನು ಟಿಕೆಟ್ ನೆನೆದೆ. ಪ್ಲಕಾರ್ಡ್ ಇನ್ನೂ ಮೇಲಕ್ಕೆ ಎತ್ತಿದೆ, ಮುಖ ಮುಚ್ಚುವ ಹಾಗೆ. ಜೋರಾಗಿ ಕೂಗಿದೆ. ಆ ಕೂಗಿದ ಫೋಟೋವೇ ಪೇಪರಿನಲ್ಲಿ ಬಂದದ್ದು.

ಆ ಮುದುಕ ನನ್ನ ಬೆನ್ನು ಸವರಿ ಸಮಾಧಾನ ಮಾಡಿದ. ಯಾವ ನೀರಲ್ಲಿ ತೊಳೆದುಕೊಳ್ಳಲಿ ಆ ಬೆನ್ನನ್ನು.

ರಾಜಶ್ರೀ ಬಾಗಿಲು ಬಡಿಯುತ್ತಿದ್ದಾಳೆ. "ಮೇಡಂ, ಕೆಳಗೆ ದೀಪಕ್ ಬಂದಿದಾರೆ. ಇವತ್ತು ಮೂರನೇ ದಿನ, ಹಾಲು-ತುಪ್ಪ ಬಿಡ್ಬೇಕಂತೆ. ಬೂದಿ ತಂದಿದಾರೆ. ಅಜ್ಜಿ ಪಕ್ಕ ಒಂದು ಹಿಡಿ ಹಾಕಿ ಬರ್ತೀವಿ, ಹತ್ತು ನಿಮಿಷ ಗೇಟ್ ತೆಗೆಸಿಕೊಡಿ, ನಿಮ್ ಮಾತು ಕೇಳ್ತಾರೆ ಅಂತಿದಾರೆ. ಏನ್ ಹೇಳ್ಲಿ?"

ನಾನೇ ಬರುತ್ತೇನೆ ಎಂದೆ. ಲ್ಯಾಮಿನೇಷನ್ ಕಾಗದ ಕೈಗೆ ತೆಗೆದುಕೊಂಡಿದ್ದೇನೆ. ಗೇಟಿನ ಮಾತು ಆಮೇಲೆ. ಮೊದಲು ಅವನನ್ನು ಕೂರಿಸಿ, ನೋಡು ದೀಪಕ್, ಅವತ್ತು ನನಗೆ ಕೇಳಿಸಿತ್ತು, ಎನ್ನಬೇಕು.