ದಡದ ಕೊನೆಯ ಪಬ್ಬಿನ ಪರದೆ

ರಿಂಗ್‌ಮೋರ್ ಬಂದರು, ಐರ್ಲೆಂಡ್
9 ಮಾರ್ಚ್ 1987

ಪ್ರೀತಿಯ ತಮ್ಮ ಫಿನ್‌ಬಾರ್,

ಹೇಗಿದ್ದೀಯೋ? ಚಳಿಗೆ ಎದೆ ಕಟ್ಟುವುದು ಈಗಲೂ ಉಂಟೇ? ಹೋದ ತಿಂಗಳು ನೀನು ಬರೆದ ಸಂತಾಪದ ಕಾಗದದಲ್ಲಿ ವಿಳಾಸವೇ ಇರಲಿಲ್ಲ, ಮಹರಾಯ. ನಿನ್ನ ಹಡಗಿನ ಏಜೆಂಟರ ಬೆನ್ನು ಹತ್ತಿ ಇವತ್ತು ಪಡೆದೆ.

ಅದರಲ್ಲಿ ನೀನು, ಜನವರಿಯಲ್ಲಿ ಊರಿಗೆ ಬಂದಿದ್ದೆ, ನಮ್ಮ ಪಬ್ಬಿನ ಪರದೆಗಳು ಇಳಿದಿದ್ದವು, ಅಪ್ಪ ಹೋದನೆಂದು ತಿಳಿದು ಬಾಗಿಲು ತಟ್ಟಲು ಧೈರ್ಯವಾಗದೆ ಹಿಂತಿರುಗಿದೆ ಎಂದು ಬರೆದಿದ್ದೆ. ಹೇಗೆ ಹೇಳಲಿ ನಿನಗೆ? ಅಂದು ಸತ್ತಿದ್ದವನು ದೋಣಿಯ ಕಾನ್ ಹೆಗಾರ್ಟಿ. ಅವನ ಹೆಣ ನಮ್ಮ ಬಾಗಿಲ ಮುಂದೆ ಹಾದುಹೋಗುವುದಿತ್ತು. ಪರದೆ ಎಳೆದವಳು ನಾನೇ. ಅಪ್ಪ ಒಳಗೆ ಒಲೆಯ ಮುಂದೆ ಟೋಪಿ ತೆಗೆದು ಕೂತಿದ್ದ.

ನಿನ್ನ ತಪ್ಪಲ್ಲ. ನೀನು ಹೊರಟಾಗ ಈ ದಡದಲ್ಲಿ ಹನ್ನೊಂದು ಪಬ್ಬುಗಳಿದ್ದವು. ಹೆಣ ಬರುತ್ತಿದೆ ಎಂದರೆ ಒಂದರ ಹಿಂದೊಂದು ಪರದೆ ಇಳಿಯುತ್ತಿತ್ತು, ದಾಟಿದ ಮೇಲೆ ಏರುತ್ತಿತ್ತು. ಎಲ್ಲ ಕಡೆ ಇಳಿದರೆ ದಾರಿಯ ಹೆಣ, ಒಂದೇ ಕಡೆ ಇಳಿದರೆ ಆ ಮನೆಯದೇ ಸಾವು. ನಾವು ನಡೆಯಲು ಕಲಿಯುವ ಮೊದಲೇ ಕಲಿತದ್ದು. ಆದರೆ ಹಡಗುಗಳು ಕಡಿಮೆಯಾದಂತೆ ಒಂದೊಂದೇ ಮುಚ್ಚಿತು. ತಾತನ ಕಾಲದಲ್ಲಿ ಅಮೆರಿಕಕ್ಕೆ ಹೊರಟವರು ಕೊನೆಯ ಗುಟುಕು ಕುಡಿದ 'ಹಸಿರು ಲಾಟೀನು' ಈಗ ಕ್ಷೌರದಂಗಡಿ. ಡ್ರಿಸ್ಕಲ್ ಅಜ್ಜಿ ತನ್ನ ಪಬ್ಬಿನಿಂದ ಕುಡುಕರ ಕಿವಿ ಹಿಂಡಿ ಮನೆಗಟ್ಟುತ್ತಿದ್ದಳಲ್ಲ, ಅಲ್ಲಿ ಈಗ ಬೂಟು ಮಾರುತ್ತಾರೆ. ಉಳಿದದ್ದು ನಮ್ಮದೊಂದೇ. ಅಂದು ಪರದೆ ಇಳಿದದ್ದೂ ನಮ್ಮಲ್ಲಿ ಮಾತ್ರ.

ಅಪ್ಪ ನಿಜವಾಗಿ ಹೋದದ್ದು ಮೊನ್ನೆ ಗುರುವಾರ. ಶನಿವಾರ ಮಣ್ಣು ಮಾಡಿದೆವು. "ನಂಗೆ ಮಗನೇ ಇಲ್ಲ" ಎಂದು ಹನ್ನೊಂದು ವರ್ಷದ ಹಿಂದೆ ಕೂಗಾಡಿದ ಇದೇ ಮನುಷ್ಯ ಹಡಗು ಕೂಗಿದಾಗಲೆಲ್ಲ, "ನೋರೀನ್, ಯಾರಾದ್ರೂ ಬಂದ್ರೇನೇ?" ಎನ್ನುತ್ತಿದ್ದ. "ಯಾರು ಬರ್ಬೇಕಿತ್ತು ನಿಂಗೆ, ರೋಮಿನ ಪೋಪಾ?" ಎಂದು ನಾನು ಛೇಡಿಸುತ್ತಿದ್ದೆ. ನಿನಗೆ ಏನೂ ತಿಳಿಸದೆ ಬಿಟ್ಟುಬಿಡೋಣವೆಂದು ಎರಡು ಹಾಳೆ ಹರಿದೆ ಕಣೋ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಕಡಲಲ್ಲಿ ದೇವರು ನಿನ್ನ ಜೊತೆಗಿರಲಿ.

ನಿನ್ನ ಅಕ್ಕ,
ನೋರೀನ್

ತಾ.ಕ.: ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ನಿನ್ನ ಸಂತಾಪದ ಕಾಗದವನ್ನು ಒಡೆದವನು ಅಪ್ಪನೇ. "ನಾನು ಸತ್ತಿದ್ದು ನಂಗೇ ಕಡೇಲಿ ಗೊತ್ತಾಯ್ತಲ್ಲೇ!" ಎಂದು ಮೊದಲು ನಕ್ಕ. ಆಮೇಲೆ, 'ಅಪ್ಪನ ಮೇಲೆ ನನಗೆ ಸಿಟ್ಟು ಉಳಿದಿರಲಿಲ್ಲ, ಅದನ್ನು ಅವನಿಗೆ ಹೇಳಲೇ ಇಲ್ಲ' ಎಂಬ ಸಾಲನ್ನು ನನ್ನಿಂದ ಮೂರು ಸಲ ಓದಿಸಿದ. ಗೋಡೆಯ ಕಡೆ ತಿರುಗಿ, "ಕೇಳಿಸ್ತು ಅಂತ ಬರಿಯೇ ಅವ್ನಿಗೆ" ಎಂದ.